ಉಸಿರುಗಟ್ಟಿ ಸಾವು: ಕಾರಣ ಪತ್ತೆಯಾಗುವ ಬಗೆ

ಮರಣೋತ್ತರ ಪರೀಕ್ಷೆಯ ವರದಿಯಲ್ಲಿ ‘ಉಸಿರುಗಟ್ಟಿ ಸಾವು’ ಎಂದಷ್ಟೇ ಬರೆದಿದ್ದರೆ ತನಿಖೆಗೆ ಸಿಕ್ಕಿದ್ದು ಅರ್ಧ ಉತ್ತರ. ದೇಹಕ್ಕೆ, ಅದರಲ್ಲೂ ಮಿದುಳಿಗೆ, ಆಮ್ಲಜನಕ ತಲುಪಲಿಲ್ಲ ಎಂಬುದನ್ನು ಮಾತ್ರ ಆ ಮಾತು ಹೇಳುತ್ತದೆ. ಏಕೆ ತಲುಪಲಿಲ್ಲ ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ. ಕುತ್ತಿಗೆಗೆ ಉರುಳು ಬಿದ್ದಿತ್ತೇ, ಯಾರಾದರೂ ಹಿಸುಕಿದರೇ, ಬಾಯಿ ಮೂಗು ಮುಚ್ಚಿದ್ದವೇ, ಗಂಟಲಲ್ಲಿ ತುತ್ತು ಸಿಕ್ಕಿಕೊಂಡಿತ್ತೇ, ನೂಕುನುಗ್ಗಲಲ್ಲಿ ಎದೆ ಅದುಮಿಹೋಯಿತೇ, ನೀರಿನಲ್ಲಿ ಮುಳುಗಿದರೇ, ಸೇದಿದ ಗಾಳಿಯೇ ವಿಷವಾಗಿತ್ತೇ? ಇವೆಲ್ಲದರ ಕೊನೆಯೂ ಒಂದೇ. ಆದರೆ ಒಂದು ಆತ್ಮಹತ್ಯೆ, ಇನ್ನೊಂದು ಕೊಲೆ, ಮತ್ತೊಂದು ಅಪಘಾತ. ಒಬ್ಬ ಮನುಷ್ಯ ಜೈಲಿಗೆ ಹೋಗುವುದೂ, ಒಂದು ಮನೆಯವರ ಸಂಶಯ ತೀರುವುದೂ ಈ ವ್ಯತ್ಯಾಸದ ಮೇಲೆ ನಿಂತಿದೆ.

ವೈದ್ಯರ ಮುಂದೆ ಇರುವ ಪ್ರಶ್ನೆಗಳು ಮೂರು. ಕುತ್ತಿಗೆಗೆ ಹಗ್ಗ ಬಿದ್ದಾಗ ಅಥವಾ ದೇಹ ನೀರಿಗೆ ಸೇರಿದಾಗ ಆ ವ್ಯಕ್ತಿ ಬದುಕಿದ್ದರೇ? ಸಾವಿಗೆ ಅದೇ ಕಾರಣವೇ, ಅಥವಾ ಹೃದಯಾಘಾತವೋ ವಿಷವೋ ಮೊದಲೇ ಕೆಲಸ ಮುಗಿಸಿತ್ತೇ? ಇದು ತಾನೇ ಮಾಡಿಕೊಂಡದ್ದೋ, ಬೇರೆಯವರು ಮಾಡಿದ್ದೋ, ಆಕಸ್ಮಿಕವೋ? ಮೊದಲೆರಡಕ್ಕೆ ಶವವೇ ಬಹಳಷ್ಟು ಉತ್ತರ ಕೊಡುತ್ತದೆ. ಮೂರನೆಯದಕ್ಕೆ ಶವದ ಜೊತೆ ಸಾವು ನಡೆದ ಜಾಗವೂ ಮಾತಾಡಬೇಕು.

## ರಕ್ತಚುಕ್ಕೆಗಳ ಮೇಲಿನ ಹಳೆಯ ನಂಬಿಕೆ

19ನೇ ಶತಮಾನದ ಫ್ರಾನ್ಸಿನಲ್ಲಿ ಆಂಬ್ರೋಯಿಸ್ ತಾರ್ದ್ಯೂ ಎಂಬ ನ್ಯಾಯವೈದ್ಯರಿದ್ದರು. ಶ್ವಾಸಕೋಶ ಮತ್ತು ಹೃದಯದ ಹೊರಪದರದ ಮೇಲೆ ಕಾಣುವ ಸೂಜಿಮೊನೆಯಷ್ಟು ಸಣ್ಣ ರಕ್ತಚುಕ್ಕೆಗಳನ್ನು ಅವರು ವಿವರವಾಗಿ ದಾಖಲಿಸಿ, ಉಸಿರುಗಟ್ಟಿಸಿದ್ದಕ್ಕೆ ಇದೇ ಗುರುತು ಎಂದರು. ಇಂದಿಗೂ ಅವಕ್ಕೆ ತಾರ್ದ್ಯೂ ಚುಕ್ಕೆಗಳೆಂದೇ ಹೆಸರು. ಇದರ ಜೊತೆಗೆ ಮುಖ ಮತ್ತು ಉಗುರು ನೀಲಿಗಟ್ಟುವುದು, ಅಂಗಗಳಲ್ಲಿ ರಕ್ತ ತುಂಬಿಕೊಳ್ಳುವುದು, ರಕ್ತ ಹೆಪ್ಪುಗಟ್ಟದೆ ನೀರಾಗಿರುವುದು, ಹೃದಯದ ಬಲಭಾಗ ಉಬ್ಬಿರುವುದು ಸೇರಿ ಐದು ಲಕ್ಷಣಗಳ ಪಟ್ಟಿಯೊಂದು ಬೆಳೆಯಿತು. ಹಲವು ತಲೆಮಾರುಗಳ ವೈದ್ಯ ವಿದ್ಯಾರ್ಥಿಗಳು ಅದನ್ನು ಬಾಯಿಪಾಠ ಮಾಡಿದರು.

ಆ ಪಟ್ಟಿ ಕೈಕೊಟ್ಟಿತು. ಹೃದಯ ನಿಧಾನವಾಗಿ ಸೋತು ಸತ್ತವರಲ್ಲೂ ಮುಖ ನೀಲಿಗಟ್ಟುತ್ತದೆ. ಅಪಸ್ಮಾರದ ಸೆಳೆತದಲ್ಲಿ, ಜೋರು ಕೆಮ್ಮಿನಲ್ಲಿ, ಕೆಲವೊಮ್ಮೆ ಹೃದಯಕ್ಕೆ ಮರುಜೀವ ಕೊಡಲು ಎದೆ ಒತ್ತಿದಾಗಲೂ ರಕ್ತಚುಕ್ಕೆ ಬರಬಹುದು. ಬೋರಲಾಗಿ ಬಿದ್ದಿದ್ದ ಶವದ ಮುಖದಲ್ಲಿ ಸತ್ತ ಮೇಲೆಯೂ ಅವು ಮೂಡುತ್ತವೆ. ದಿಢೀರನೆ ಬಂದ ಎಷ್ಟೋ ಸಾವುಗಳಲ್ಲಿ ರಕ್ತ ನೀರಾಗಿಯೇ ಇರುತ್ತದೆ. ಅಮೆರಿಕದ ನ್ಯಾಯವೈದ್ಯ ಲೆಸ್ಟರ್ ಅಡೆಲ್ಸನ್ ಈ ಐದನ್ನೂ ಕಾಲ ಮುಗಿದ ಲಕ್ಷಣಗಳೆಂದು ತಳ್ಳಿಹಾಕಿದರು.

ರಕ್ತಚುಕ್ಕೆ ನಿಷ್ಪ್ರಯೋಜಕ ಎಂದು ಇದರ ಅರ್ಥವಲ್ಲ. ಕುತ್ತಿಗೆ ಒತ್ತಿದಾಗ ಮಿದುಳಿನಿಂದ ರಕ್ತ ಇಳಿಸುವ ಮೃದುವಾದ ಅಭಿಧಮನಿಗಳು ಮೊದಲು ಮುಚ್ಚಿಕೊಳ್ಳುತ್ತವೆ. ಆಳದಲ್ಲಿರುವ ಅಪಧಮನಿಗಳು ರಕ್ತವನ್ನು ಮೇಲಕ್ಕೆ ನೂಕುತ್ತಲೇ ಇರುತ್ತವೆ. ಆಗ ಒತ್ತಡ ತಾಳದೆ ಕಣ್ಣಿನ ಬಿಳಿಭಾಗ, ರೆಪ್ಪೆಯ ಒಳಮೈ, ಕಿವಿಯ ಹಿಂಭಾಗಗಳಲ್ಲಿ ಸೂಕ್ಷ್ಮ ರಕ್ತನಾಳಗಳು ಒಡೆಯುತ್ತವೆ. ಒತ್ತಡ ಬಿದ್ದ ಗೆರೆಯ ಮೇಲೆ ಮಾತ್ರ ಚುಕ್ಕೆಗಳಿದ್ದು, ಅದರ ಕೆಳಗೆ ಒಂದೂ ಇಲ್ಲದಿದ್ದರೆ ಆ ಹಂಚಿಕೆಗೆ ಬೆಲೆಯಿದೆ. ಹಾಗಾಗಿ ವೈದ್ಯರು ಚುಕ್ಕೆ ಇದೆ ಎಂದು ಬರೆದು ನಿಲ್ಲಿಸುವಂತಿಲ್ಲ. ಎಲ್ಲಿವೆ, ಎಲ್ಲಿಲ್ಲ ಎಂಬುದನ್ನೂ ಬರೆಯಬೇಕು.

## ಶವಾಗಾರಕ್ಕೆ ಮುಂಚಿನ ಪರೀಕ್ಷೆ

ಕರ್ನಾಟಕದ ಠಾಣೆಗಳಲ್ಲಿ ಇಂಥ ಸಾವು ಮೊದಲು ‘ಯುಡಿಆರ್’ ಆಗಿ, ಅಂದರೆ ಅಸಹಜ ಸಾವಿನ ವರದಿಯಾಗಿ ದಾಖಲಾಗುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೇ ಕಲಮಿನಡಿ ಪೊಲೀಸರು ಪಂಚರ ಎದುರು ಶವ ತನಿಖೆ ನಡೆಸಬೇಕು. ಹಿಂದೆ ಇದೇ ದಂಡ ಪ್ರಕ್ರಿಯಾ ಸಂಹಿತೆಯ 174ನೇ ಕಲಮಾಗಿತ್ತು. ಮದುವೆಯಾಗಿ ಏಳು ವರ್ಷದೊಳಗೆ ಹೆಣ್ಣುಮಗಳು ಅಸಹಜವಾಗಿ ಸತ್ತರೆ ತಹಶೀಲ್ದಾರರು ಅಥವಾ ಉಪವಿಭಾಗಾಧಿಕಾರಿಗಳು ಬಂದು ಶವ ತನಿಖೆ ಮಾಡುವುದು ರೂಢಿ.

ಈ ಹಂತದಲ್ಲಿ ಕಳೆದುಹೋದ ಸಾಕ್ಷ್ಯವನ್ನು ಶವಾಗಾರದಲ್ಲಿ ಯಾರೂ ಮರಳಿ ತರಲಾರರು. ನೇಣಿನ ಪ್ರಕರಣದಲ್ಲಿ ಗಂಟನ್ನು ಬಿಚ್ಚಬಾರದು. ಗಂಟಿನಿಂದ ದೂರದಲ್ಲಿ ಹಗ್ಗ ಕತ್ತರಿಸಿ, ಕತ್ತರಿಸಿದ ಎರಡೂ ತುದಿಗಳನ್ನು ದಾರದಿಂದ ಗುರುತು ಮಾಡಿ, ಉರುಳು ಕುತ್ತಿಗೆಯಲ್ಲಿರುವಂತೆಯೇ ಶವವನ್ನು ಕಳಿಸುವುದು ಸರಿಯಾದ ಕ್ರಮ. ಗಂಟಿನ ಬಗೆ, ಹಗ್ಗದ ಅಗಲ, ಹೆಣಿಗೆಯ ನಮೂನೆ ಎಲ್ಲವನ್ನೂ ಕುತ್ತಿಗೆಯ ಗುರುತಿನ ಜೊತೆ ಹೋಲಿಸಬೇಕಾಗುತ್ತದೆ. ಎಷ್ಟೋ ಸಲ ಶವ ಒಂದು ಕಡೆ, ಹಗ್ಗ ಇನ್ನೊಂದು ಕಡೆ ಹೋಗಿ, ವಾರಗಳ ನಂತರ ‘ಈ ಹಗ್ಗದಿಂದ ಈ ಗುರುತು ಆಗಬಹುದೇ’ ಎಂಬ ಪತ್ರ ವೈದ್ಯರ ಮೇಜಿಗೆ ಬರುತ್ತದೆ. ಶವ ಅಷ್ಟರಲ್ಲಿ ಬೂದಿಯಾಗಿರುತ್ತದೆ.

ತೊಲೆಯನ್ನೂ ನೋಡಬೇಕು. ಕೊಂದು ನೇತುಹಾಕಿದ್ದರೆ ಹಗ್ಗವನ್ನು ತೊಲೆಯ ಮೇಲೆ ಜಗ್ಗಿ ದೇಹವನ್ನು ಎತ್ತಿರುವ ಸಾಧ್ಯತೆ ಇರುತ್ತದೆ. ಹಾಗೆ ಜಗ್ಗಿದಾಗ ಹಗ್ಗದ ನಾರುಗಳು ಮಲಗುವ ದಿಕ್ಕು, ತೊಲೆಯ ಧೂಳು ಕೆದರುವ ರೀತಿ ಬೇರೆಯಾಗಿರುತ್ತವೆ.

ಎಲ್ಲಕ್ಕಿಂತ ಸರಳವಾದ, ಬರಿಗಣ್ಣಿಗೇ ಕಾಣುವ ಸಾಕ್ಷ್ಯ ರಕ್ತ ಇಳಿದ ಕಲೆ. ಹೃದಯ ನಿಂತ ಮೇಲೆ ರಕ್ತ ತನ್ನ ಭಾರಕ್ಕೆ ಕೆಳಭಾಗಕ್ಕೆ ಇಳಿದು, ಚರ್ಮದಡಿ ಕೆನ್ನೀಲಿ ಬಣ್ಣವಾಗಿ ನಿಲ್ಲುತ್ತದೆ. ಕೆಲವು ಗಂಟೆಗಳ ನಂತರ ಅದು ಅಲ್ಲೇ ನೆಲೆಯಾಗುತ್ತದೆ, ಶವವನ್ನು ಹೊರಳಿಸಿದರೂ ಪೂರ್ತಿ ಕದಲುವುದಿಲ್ಲ. ನೇತಾಡುತ್ತಿದ್ದ ದೇಹದಲ್ಲಿ ಅದು ಕಾಲು, ಪಾದ, ಮುಂಗೈಗಳಲ್ಲಿರಬೇಕು. ನೇಣಿನಲ್ಲಿ ಸಿಕ್ಕ ಶವದ ಬೆನ್ನಿನಲ್ಲಿ ಆ ಕಲೆ ಗಟ್ಟಿಯಾಗಿ ನಿಂತಿದ್ದರೆ, ಸತ್ತ ಮೇಲೆ ಆ ದೇಹ ಗಂಟೆಗಟ್ಟಲೆ ಅಂಗಾತ ಮಲಗಿತ್ತು ಎಂದೇ ಅರ್ಥ. ಯಾವ ಕಥೆ ಕಟ್ಟಿದರೂ ಈ ಕಲೆಯನ್ನು ಒರೆಸಲಾಗದು.

## ಕತ್ತಿನ ಪದರಗಳಲ್ಲಿ

ಉಸಿರುಗಟ್ಟಿದ ಸಾವಿನ ಶವಪರೀಕ್ಷೆಯಲ್ಲಿ ಕುತ್ತಿಗೆಯನ್ನು ಕೊನೆಗೆ ತೆರೆಯಬೇಕೆಂಬ ನಿಯಮವಿದೆ. ಮೊದಲು ತಲೆಬುರುಡೆ ತೆರೆದು ಮಿದುಳು ತೆಗೆಯುತ್ತಾರೆ, ಆಮೇಲೆ ಎದೆಯ ಅಂಗಗಳು. ಹೀಗೆ ಮೇಲಿನಿಂದಲೂ ಕೆಳಗಿನಿಂದಲೂ ಕುತ್ತಿಗೆಯ ರಕ್ತ ಬಸಿದುಹೋದ ಮೇಲಷ್ಟೇ ಅಲ್ಲಿಗೆ ಕತ್ತರಿ ಹಾಕುವುದು. ರಕ್ತ ತುಂಬಿರುವಾಗಲೇ ಕತ್ತರಿಸಿದರೆ ಅದು ಸುತ್ತಲಿನ ಅಂಗಾಂಶಕ್ಕೆ ಸೋರಿ, ಹಿಸುಕಿದಾಗ ಆದ ರಕ್ತಸ್ರಾವದಂತೆಯೇ ಕಾಣುತ್ತದೆ. ದಕ್ಷಿಣ ಆಫ್ರಿಕಾದ ಪ್ರಿನ್ಸ್‌ಲೂ ಮತ್ತು ಗಾರ್ಡನ್ 1951ರಲ್ಲಿ ಈ ಮೋಸದ ಗುರುತನ್ನು ವಿವರಿಸಿದರು. ಅನ್ನನಾಳದ ಹಿಂದೆ, ಬೆನ್ನುಮೂಳೆಯ ಮುಂದೆ ಕಾಣುವ ಆ ಕೆಂಪನ್ನು ನಂಬಿ ನಿರಪರಾಧಿಯನ್ನು ಕೊಲೆಗಾರನೆಂದು ಕರೆಯುವ ಅಪಾಯವಿದೆ. ಒಂದೇ ಗಂಟೆಯಲ್ಲಿ ಮೂರು ಶವ ಮುಗಿಸಬೇಕಾದ ಒತ್ತಡವಿರುವ ಶವಾಗಾರದಲ್ಲಿ ಈ ಕ್ರಮ ತಪ್ಪಿದರೆ, ಆ ಶವದ ಸತ್ಯ ಅಲ್ಲಿಗೇ ಹೋಯಿತು.

ಹೊರಗಿನ ಗುರುತಿನಿಂದ ಪರೀಕ್ಷೆ ಶುರುವಾಗುತ್ತದೆ. ನೇಣಿನಲ್ಲಿ ದೇಹದ ಭಾರವೇ ಉರುಳನ್ನು ಬಿಗಿಯುವುದರಿಂದ ಗುರುತು ಸಾಮಾನ್ಯವಾಗಿ ಗಂಟಲಮಣಿಗಿಂತ ಮೇಲೆ ಇದ್ದು, ಓರೆಯಾಗಿ ಏರಿ, ಗಂಟು ಇದ್ದ ಕಡೆ ಮಾಯವಾಗುತ್ತದೆ. ಬೇರೊಬ್ಬರು ಹಗ್ಗ ಬಿಗಿದು ಕೊಂದಾಗ ಗುರುತು ಅಡ್ಡಲಾಗಿ, ಕುತ್ತಿಗೆಯನ್ನು ಪೂರ್ತಿ ಸುತ್ತಿ, ಗಂಟಲಮಣಿಯ ಮಟ್ಟದಲ್ಲೋ ಅದಕ್ಕಿಂತ ಕೆಳಗೋ ಇರುತ್ತದೆ. ಈ ವ್ಯತ್ಯಾಸ ಹೊಸದಲ್ಲ. ಚೀನಾದ ನ್ಯಾಯಾಧಿಕಾರಿ ಸಾಂಗ್ ಸಿ 1247ರಲ್ಲಿ ಬರೆದ ಶವ ತನಿಖೆಯ ಕೈಪಿಡಿಯಲ್ಲೇ, ತಾನೇ ನೇಣು ಹಾಕಿಕೊಂಡವರನ್ನೂ ಕೊಂದು ನೇತುಹಾಕಿದವರನ್ನೂ ಗುರುತಿನಿಂದ ಬೇರ್ಪಡಿಸುವ ಸೂಚನೆಗಳಿವೆ.

ಆದರೆ ಗುರುತೊಂದನ್ನೇ ನಂಬುವಂತಿಲ್ಲ. ಸತ್ತ ಸ್ವಲ್ಪ ಹೊತ್ತಿಗೇ ನೇತುಹಾಕಿದರೂ ಚರ್ಮ ಒಣಗಿ, ಕಂದುಬಣ್ಣದ ಚಕ್ಕಳದಂಥ ಗೆರೆ ಮೂಡುತ್ತದೆ. ಬದುಕಿದ್ದಾಗಲೇ ಆಯಿತೇ ಎಂದು ತಿಳಿಯಲು ಜೀವಂತ ದೇಹ ಮಾತ್ರ ಕೊಡಬಲ್ಲ ಪ್ರತಿಕ್ರಿಯೆಯನ್ನು ಹುಡುಕಬೇಕು. ಭಾರತದ ಪಠ್ಯಪುಸ್ತಕಗಳು ಜೊಲ್ಲಿನ ಜಾಡಿಗೆ ದೊಡ್ಡ ಸ್ಥಾನ ಕೊಟ್ಟಿವೆ. ಹಗ್ಗದ ಒತ್ತಡ ಲಾಲಾಗ್ರಂಥಿಯನ್ನು ಕೆರಳಿಸಿದಾಗ ಗಂಟಿನ ಎದುರು ಬದಿಯ ಬಾಯಿಯ ಮೂಲೆಯಿಂದ ಜೊಲ್ಲು ಗಲ್ಲದ ಮೇಲೆ, ಎದೆಯ ಮೇಲೆ ನೇರವಾಗಿ ಇಳಿದಿರುತ್ತದೆ. ಸತ್ತ ದೇಹದಲ್ಲಿ ಜೊಲ್ಲು ಹೊಸದಾಗಿ ಒಸರುವುದಿಲ್ಲ. ಜೊತೆಗೆ ಗುರುತಿನ ಅಂಚಿನ ಚರ್ಮದ ತುಣುಕನ್ನು ಸೂಕ್ಷ್ಮದರ್ಶಕದಡಿ ನೋಡಿ, ರಕ್ತಸ್ರಾವವೂ ಉರಿಯೂತದ ಆರಂಭವೂ ಇದೆಯೇ ಎಂದು ಪರೀಕ್ಷಿಸುತ್ತಾರೆ.

ಒಳಗೆ ಚರ್ಮ, ಅದರಡಿಯ ಕೊಬ್ಬು, ಪಟ್ಟಿಯಂಥ ಸ್ನಾಯುಗಳನ್ನು ಒಂದೊಂದಾಗಿ ಬಿಡಿಸುತ್ತಾ ಹೋಗುತ್ತಾರೆ. ಬರಿಗೈಯಲ್ಲಿ ಹಿಸುಕಿದ್ದರೆ ಹೊರಗೆ ಹೆಬ್ಬೆರಳಿನ, ಬೆರಳುಗಳ ದುಂಡು ಮೂಗೇಟು, ಅರ್ಧಚಂದ್ರಾಕಾರದ ಉಗುರು ಗಾಯ ಕಾಣಬಹುದು. ಹೊರಗೆ ಏನೂ ಕಾಣದಿದ್ದರೂ ಸ್ನಾಯುಗಳಲ್ಲಿ ಆಳವಾದ ರಕ್ತಸ್ರಾವ ಇರಬಹುದು. ಸತ್ತವರ ಉಗುರುಗಳನ್ನೂ ಕತ್ತರಿಸಿ ಇಡುತ್ತಾರೆ. ಕೊಸರಾಡಿದವರ ಉಗುರಡಿಯಲ್ಲಿ ಹಲ್ಲೆ ಮಾಡಿದವನ ಚರ್ಮ, ಅದರೊಂದಿಗೆ ಅವನ ಡಿಎನ್‌ಎ ಸಿಕ್ಕಿರಬಹುದು.

ನಾಲಿಗೆಯ ಬುಡದಲ್ಲಿ ಕುದುರೆಲಾಳದ ಆಕಾರದ ಹಯಾಯ್ಡ್ ಎಂಬ ಪುಟ್ಟ ಮೂಳೆಯಿದೆ. ನ್ಯಾಯಾಲಯಗಳಲ್ಲಿ ಇಷ್ಟು ಚರ್ಚೆಯಾದ ಮೂಳೆ ಬೇರೊಂದಿಲ್ಲವೇನೋ. ಅದು ಮುರಿದಿದ್ದರೆ ಕೊಲೆ, ಇಲ್ಲದಿದ್ದರೆ ಅಲ್ಲ ಎಂಬ ನಂಬಿಕೆ ವಕೀಲರಲ್ಲೂ ಪತ್ರಿಕೆಗಳಲ್ಲೂ ಬೇರೂರಿದೆ. ಇದು ತಪ್ಪು. ಕೈಯಿಂದ ಹಿಸುಕಿದ ಪ್ರಕರಣಗಳಲ್ಲಿ ಅದು ಹೆಚ್ಚಾಗಿ ಮುರಿಯುವುದು ನಿಜ. ಆದರೆ ಎಳೆಯರಲ್ಲಿ ಅದರ ಭಾಗಗಳು ಇನ್ನೂ ಬೆಸೆದುಕೊಂಡಿರದೆ ಬಾಗುತ್ತವೆ, ಮುರಿಯುವುದಿಲ್ಲ. 40 ದಾಟಿದವರಲ್ಲಿ ನೇಣಿನಲ್ಲೂ ಮುರಿಯಬಹುದು. ಶವಪರೀಕ್ಷೆಯಲ್ಲಿ ಒರಟಾಗಿ ಎಳೆದರೂ ಮುರಿಯುತ್ತದೆ. ಮುರಿದ ತುದಿಯ ಸುತ್ತ ರಕ್ತ ಸುರಿದು ಅಂಗಾಂಶಕ್ಕೆ ಇಂಗಿದೆಯೇ ಎಂಬುದೇ ಇಲ್ಲಿ ನೋಡಬೇಕಾದ ಅಂಶ. ಹೃದಯ ಮಿಡಿಯುತ್ತಿದ್ದಾಗ ಮುರಿದ ಮೂಳೆಗೆ ಮಾತ್ರ ಆ ಗುರುತು ಇರುತ್ತದೆ.

ಸ್ವಇಚ್ಛೆಯ ಸಾವು ಎಂದು ತೀರ್ಮಾನವಾದ ಪ್ರಕರಣಗಳ ಹಿಂದೆ ಬಹುಪಾಲು ಯಾರಿಗೂ ಹೇಳಿಕೊಳ್ಳಲಾಗದ ಸಂಕಟವಿರುತ್ತದೆ. ಅಂಥ ಸಂಕಟದಲ್ಲಿರುವವರು ಈ ಸಾಲನ್ನು ಓದುತ್ತಿದ್ದರೆ, ಬೆಂಗಳೂರಿನ ನಿಮ್ಹಾನ್ಸ್ ಸಮನ್ವಯ ಮಾಡುವ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಅಲ್ಲಿ ಕನ್ನಡದಲ್ಲೇ ಮಾತಾಡಬಹುದು.

## ಗುರುತೇ ಉಳಿಯದ ಸಾವುಗಳು

1828ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ವಿಲಿಯಂ ಬರ್ಕ್ ಮತ್ತು ವಿಲಿಯಂ ಹೇರ್ ಎಂಬಿಬ್ಬರು 16 ಜನರನ್ನು ಕೊಂದು, ಅಂಗರಚನಾಶಾಸ್ತ್ರದ ಪಾಠಕ್ಕೆ ಶವಗಳನ್ನು ಮಾರಿದರು. ಬಾಯಿ ಮೂಗು ಮುಚ್ಚಿ, ಎದೆಯನ್ನು ಅದುಮಿ ಕೊಲ್ಲುತ್ತಿದ್ದರು. ಕೊನೆಯ ಬಲಿಯ ಶವವನ್ನು ಪರೀಕ್ಷಿಸಿದವರಲ್ಲಿ ಆ ಕಾಲದ ಪ್ರಸಿದ್ಧ ವಿಷಶಾಸ್ತ್ರಜ್ಞ ರಾಬರ್ಟ್ ಕ್ರಿಸ್ಟಿಸನ್ ಇದ್ದರು. ಉಸಿರುಗಟ್ಟಿಸಿರುವ ಸಂಭವವಿದೆ ಎಂದು ಅವರಿಗೆ ಅನ್ನಿಸಿತು, ವೈದ್ಯಕೀಯವಾಗಿ ಅದು ಸಿದ್ಧವಾಗಿದೆ ಎಂದು ಹೇಳಲು ಮಾತ್ರ ಅವರು ಒಪ್ಪಲಿಲ್ಲ. ಹೇರ್ ಮಾಫಿ ಸಾಕ್ಷಿಯಾದ್ದರಿಂದ ಬರ್ಕ್‌ಗೆ ಶಿಕ್ಷೆಯಾಯಿತು, 1829ರ ಜನವರಿಯಲ್ಲಿ ಗಲ್ಲಾಯಿತು. ಕ್ರಿಸ್ಟಿಸನ್ ತೋರಿದ ಆ ಸಂಯಮ ಈ ವೃತ್ತಿಯ ಅತ್ಯುತ್ತಮ ಪಾಠಗಳಲ್ಲೊಂದು ಎಂದು ನನ್ನ ಎಣಿಕೆ. ಎದುರಿಗೆ ಕೊಲೆಗಾರನೇ ನಿಂತಿದ್ದರೂ ಅವರು ಶವ ಹೇಳಿದ್ದಕ್ಕಿಂತ ಹೆಚ್ಚು ಹೇಳಲಿಲ್ಲ.

ಇಂಥ ಶಂಕೆಯಿದ್ದಾಗ ತುಟಿಯ ಒಳಮೈಯಲ್ಲಿ ಹಲ್ಲಿನ ಒತ್ತು, ತುಟಿಯನ್ನು ವಸಡಿಗೆ ಕಟ್ಟಿರುವ ತೆಳು ಪೊರೆ ಹರಿದ ಗುರುತು, ಮೂಗಿನ ಸುತ್ತ ತರಚು, ಬಾಯಿ ಮೂಗಿನೊಳಗೆ ಬಟ್ಟೆಯ ಎಳೆ, ದಿಂಬಿನ ಮೇಲೆ ಜೊಲ್ಲು ಮತ್ತು ರಕ್ತದ ಕಲೆ ಹುಡುಕುತ್ತಾರೆ. ಎಳೆಮಕ್ಕಳಲ್ಲಿ, ಹಾಸಿಗೆ ಹಿಡಿದ ವೃದ್ಧರಲ್ಲಿ ಇವು ಯಾವುವೂ ಸಿಗದೇ ಹೋಗಬಹುದು.

ಮಕ್ಕಳ ಸಾವಿನಲ್ಲಿ ತಪ್ಪು ತೀರ್ಪಿನ ಬೆಲೆ ಎಷ್ಟೆಂದು ಕೆನಡಾ ಕಂಡಿದೆ. ಒಂಟಾರಿಯೋದ ವಿಲಿಯಂ ಮಲಿನ್ಸ್-ಜಾನ್ಸನ್ ತನ್ನ ಸಹೋದರನ ನಾಲ್ಕು ವರ್ಷದ ಮಗಳನ್ನು ಉಸಿರುಗಟ್ಟಿಸಿ ಕೊಂದನೆಂದು 1994ರಲ್ಲಿ ಶಿಕ್ಷೆಗೊಳಗಾದ. ಮಕ್ಕಳ ಶವಪರೀಕ್ಷೆಯಲ್ಲಿ ದೇಶಕ್ಕೇ ತಜ್ಞರೆಂದು ಹೆಸರಾಗಿದ್ದ ಚಾರ್ಲ್ಸ್ ಸ್ಮಿತ್ ಸರ್ಕಾರದ ಪರ ಅಭಿಪ್ರಾಯ ಕೊಟ್ಟವರಲ್ಲೊಬ್ಬರು. ವರ್ಷಗಳ ನಂತರ ಬೇರೆ ತಜ್ಞರು ಅದೇ ಮಾದರಿಗಳನ್ನು ಮತ್ತೆ ನೋಡಿದಾಗ, ಹಲ್ಲೆಯ ಗುರುತೆಂದು ಹೇಳಿದ್ದವೆಲ್ಲ ಸತ್ತ ಮೇಲೆ ರಕ್ತ ಇಳಿದ ಕಲೆ ಮತ್ತು ಶವಪರೀಕ್ಷೆಯಿಂದಲೇ ಆದ ಬದಲಾವಣೆಗಳೆಂದು ತಿಳಿಯಿತು. ಕೊಲೆ ನಡೆದದ್ದಕ್ಕೇ ಆಧಾರವಿರಲಿಲ್ಲ. 12 ವರ್ಷ ಜೈಲಿನಲ್ಲಿ ಕಳೆದ ಆತ 2007ರಲ್ಲಿ ಖುಲಾಸೆಯಾದ. ಇಂಥ ಪ್ರಕರಣಗಳ ಸರಣಿಯನ್ನು ವಿಚಾರಿಸಿದ ಗೂಜ್ ಆಯೋಗ 2008ರಲ್ಲಿ ಕೊಟ್ಟ ವರದಿಯಿಂದ ಅಲ್ಲಿನ ನ್ಯಾಯವೈದ್ಯ ವ್ಯವಸ್ಥೆಯೇ ಬದಲಾಯಿತು.

ಗಂಟಲಲ್ಲಿ ಆಹಾರ ಸಿಕ್ಕಿಕೊಂಡ ಸಾವು ಇದಕ್ಕೆ ವಿರುದ್ಧ ತುದಿಯಲ್ಲಿದೆ. ಹೊರಗಿನಿಂದ ನೋಡಿದವರಿಗೆ ಹೃದಯಾಘಾತವೆಂದೇ ಅನ್ನಿಸುತ್ತದೆ, ಶ್ವಾಸನಾಳದ ಬಾಯಿ ತೆರೆದ ಕ್ಷಣವೇ ಉತ್ತರ ಸಿಗುತ್ತದೆ. ಊಟದ ನಡುವೆ ಕುಸಿದು ಸತ್ತವರಲ್ಲಿ ಈ ಮೋಸವನ್ನು ಅಮೆರಿಕದ ರೋಜರ್ ಹೌಗನ್ 1963ರಲ್ಲಿ ವಿವರಿಸಿದರು. ಸಾಯುವ ಹೊತ್ತಿನಲ್ಲಿ ಹೊಟ್ಟೆಯ ಆಹಾರ ತಾನೇ ಮೇಲೆ ಬಂದು ಶ್ವಾಸನಾಳ ಸೇರುವುದೂ ಉಂಟು, ಆದ್ದರಿಂದ ಒಂದಿಷ್ಟು ಅನ್ನದ ಅಗುಳು ಕಂಡ ಮಾತ್ರಕ್ಕೆ ತೀರ್ಮಾನಿಸುವಂತಿಲ್ಲ.

## ಜನಜಂಗುಳಿಯ ಒತ್ತಡ

ಕಾಲ್ತುಳಿತ ಎಂದು ನಾವು ಬರೆಯುವ ದುರಂತಗಳಲ್ಲಿ ಬಹಳ ಮಂದಿ ಸಾಯುವುದು ತುಳಿತದಿಂದಲ್ಲ. ನಾಲ್ಕೂ ಕಡೆಯ ಒತ್ತಡಕ್ಕೆ ಎದೆ ಹಿಗ್ಗಲಾಗದೆ ನಿಂತಲ್ಲೇ ಉಸಿರು ನಿಲ್ಲುತ್ತದೆ. ಅಂಥವರ ಮುಖ, ಕುತ್ತಿಗೆ, ಎದೆಯ ಮೇಲ್ಭಾಗ ಕಡುನೇರಳೆಯಾಗಿ, ಕಣ್ಣುಗಳಲ್ಲಿ ರಕ್ತ ತುಂಬಿ, ಅದರ ಕೆಳಗಿನ ಚರ್ಮ ಮಾತ್ರ ಸಹಜ ಬಣ್ಣದಲ್ಲಿರುತ್ತದೆ. ಉಸಿರುಗಟ್ಟಿದ ಸಾವುಗಳಲ್ಲಿ ಇಷ್ಟು ಸ್ಪಷ್ಟ ಲಕ್ಷಣ ಇನ್ನೊಂದಿಲ್ಲ.

1989ರ ಏಪ್ರಿಲ್ 15ರಂದು ಇಂಗ್ಲೆಂಡಿನ ಶೆಫೀಲ್ಡ್‌ನ ಹಿಲ್ಸ್‌ಬರೋ ಕ್ರೀಡಾಂಗಣದಲ್ಲಿ ನಡೆದ ನೂಕುನುಗ್ಗಲಿನ ದುರಂತದ ನಂತರ, ಮಧ್ಯಾಹ್ನ 3 ಗಂಟೆ 15 ನಿಮಿಷದ ಹೊತ್ತಿಗೆ ಸತ್ತವರೆಲ್ಲರಿಗೂ ಪ್ರಾಣಾಂತಿಕ ಹಾನಿ ಆಗಿಬಿಟ್ಟಿತ್ತು ಎಂದು ಅಲ್ಲಿನ ಮರಣ ವಿಚಾರಣಾಧಿಕಾರಿ ಎಣಿಸಿದರು. ಆಮೇಲಿನ ರಕ್ಷಣಾ ಕಾರ್ಯದ ಲೋಪವನ್ನು ವಿಚಾರಿಸಲೇ ಇಲ್ಲ. 2012ರಲ್ಲಿ ಸ್ವತಂತ್ರ ಸಮಿತಿ ಶವಪರೀಕ್ಷೆಯ ಕಡತಗಳನ್ನು ಮತ್ತೆ ಓದಿಸಿದಾಗ, ಆ ಗಳಿಗೆಯ ನಂತರವೂ ಹಲವರ ಹೃದಯ, ಶ್ವಾಸಕೋಶ ಕೆಲಸ ಮಾಡುತ್ತಿದ್ದ ಲಕ್ಷಣ ಸಿಕ್ಕಿತು. 41 ಮಂದಿ ಬದುಕುವ ಸಾಧ್ಯತೆಯಿತ್ತು ಎಂದು ತಿಳಿಯಿತು. 2016ರಲ್ಲಿ ಜ್ಯೂರಿ ಇದನ್ನು ಕಾನೂನುಬಾಹಿರ ಹತ್ಯೆ ಎಂದು ತೀರ್ಮಾನಿಸಿತು. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ 11 ಮಂದಿಯನ್ನು ಕಳೆದುಕೊಂಡ ನಮಗೆ ಈ ಪಾಠ ದೂರದ್ದಲ್ಲ. ಸಾವಿನ ಕಾರಣದ ಜೊತೆ ಸಾವಿನ ಗಳಿಗೆಯೂ ಜವಾಬ್ದಾರಿಯನ್ನು ನಿರ್ಧರಿಸುತ್ತದೆ.

## ನೀರಿನಿಂದ ತೆಗೆದ ಶವ

ಬಾವಿಯಲ್ಲಿ, ಕೆರೆಯಲ್ಲಿ, ನಾಲೆಯಲ್ಲಿ ಸಿಕ್ಕ ಶವವೆಲ್ಲ ಮುಳುಗಿ ಸತ್ತವರದ್ದಲ್ಲ. ಬೇರೆಡೆ ಕೊಂದು ಎಸೆದಿರಬಹುದು, ದಂಡೆಯಲ್ಲೇ ಹೃದಯ ನಿಂತು ಬಿದ್ದಿರಬಹುದು, ಬೀಳುವಾಗ ಬಾವಿಯ ಕಲ್ಲುಕಟ್ಟೆಗೆ ತಲೆ ಬಡಿದಿರಬಹುದು. ಅಂಗೈ, ಅಂಗಾಲಿನ ಚರ್ಮ ಬೆಳ್ಳಗೆ ಸುಕ್ಕುಗಟ್ಟಿದ್ದರೆ ದೇಹ ನೀರಲ್ಲಿತ್ತು ಎಂದು ಮಾತ್ರ ತಿಳಿಯುತ್ತದೆ.

ಬದುಕಿದ್ದವರು ಮುಳುಗುವಾಗ ನೀರನ್ನು ಉಸಿರಾಡುತ್ತಾರೆ. ಗಾಳಿ, ನೀರು, ಶ್ವಾಸನಾಳದ ಲೋಳೆ ಮೂರೂ ಕಡೆದು ಬಿಳಿಯ, ನುಣ್ಣನೆಯ, ಅಂಟುನೊರೆಯಾಗುತ್ತದೆ. ಬಾಯಿ ಮೂಗಿನಿಂದ ಒರೆಸಿ ತೆಗೆದರೂ ಎದೆ ಒತ್ತಿದಾಗ ಮತ್ತೆ ಬರುತ್ತದೆ. ಶ್ವಾಸಕೋಶಗಳು ಉಬ್ಬಿ, ಪಕ್ಕೆಲುಬಿನ ಅಚ್ಚು ಅವುಗಳ ಮೇಲೆ ಮೂಡಿರುತ್ತದೆ, ಕೊಯ್ದರೆ ನೊರೆನೀರು ಇಳಿಯುತ್ತದೆ. ಮುಷ್ಟಿಯಲ್ಲಿ ಜೊಂಡು, ಕೆಸರು, ಬೇರು ಬಿಗಿಯಾಗಿ ಸಿಕ್ಕಿದ್ದರೆ ಅದಕ್ಕಿಂತ ಗಟ್ಟಿ ಸಾಕ್ಷ್ಯ ಬೇಡ. ಸಾಯುವ ಕ್ಷಣದಲ್ಲಿ ಸ್ನಾಯು ಹಾಗೆಯೇ ಸೆಟೆದುಕೊಂಡ ಆ ಹಿಡಿತವನ್ನು ಸತ್ತ ಮೇಲೆ ಯಾರೂ ಸೃಷ್ಟಿಸಲಾರರು. ಆದರೆ ಶವ ಎರಡು ಮೂರು ದಿನ ನೀರಲ್ಲಿದ್ದು ಕೊಳೆತರೆ ನೊರೆಯೂ ಹೋಗುತ್ತದೆ, ಶ್ವಾಸಕೋಶದ ಚಹರೆಯೂ ಹೋಗುತ್ತದೆ. ಮೀನು, ಆಮೆಗಳು ತಿಂದ ಜಾಗ ಗಾಯದಂತೆ ಕಂಡು ಮನೆಯವರನ್ನು ಗಾಬರಿಗೊಳಿಸುತ್ತದೆ.

ಆಗ ಉಳಿಯುವ ದಾರಿಗಳಲ್ಲೊಂದು ಡಯಾಟಮ್ ಪರೀಕ್ಷೆ. ಕೆರೆ, ಹೊಳೆಗಳ ನೀರಲ್ಲಿ ಡಯಾಟಮ್ ಎಂಬ ಏಕಕೋಶ ಪಾಚಿಗಳಿವೆ. ಅವುಗಳ ಚಿಪ್ಪು ಸಿಲಿಕಾದ್ದು, ಆಮ್ಲಕ್ಕೂ ಕರಗದು. ಮುಳುಗುವವರು ಸೇದಿದ ನೀರು ಶ್ವಾಸಕೋಶದ ತೆಳುಗೋಡೆ ಒಡೆದು ರಕ್ತಕ್ಕೆ ಸೇರಿದಾಗ, ಇನ್ನೂ ಮಿಡಿಯುತ್ತಿರುವ ಹೃದಯ ಈ ಪಾಚಿಗಳನ್ನು ತೊಡೆಮೂಳೆಯ ಮಜ್ಜೆಯವರೆಗೂ ಒಯ್ಯುತ್ತದೆ. ಸತ್ತ ದೇಹವನ್ನು ಎಸೆದಿದ್ದರೆ ನೀರು ಶ್ವಾಸಕೋಶಕ್ಕೆ ನುಸುಳಬಹುದು, ಆದರೆ ಮಜ್ಜೆ ತಲುಪಿಸಲು ರಕ್ತ ಸಂಚಾರವಿಲ್ಲ. ಪ್ರಯೋಗಾಲಯದಲ್ಲಿ ಮಜ್ಜೆಯನ್ನು ನೈಟ್ರಿಕ್ ಆಮ್ಲದಲ್ಲಿ ಕರಗಿಸಿ, ಉಳಿದ ಚಿಪ್ಪುಗಳನ್ನು ಸೂಕ್ಷ್ಮದರ್ಶಕದಡಿ ಎಣಿಸಿ, ಶವ ಸಿಕ್ಕ ಜಾಗದ ನೀರಿನ ಮಾದರಿಯೊಂದಿಗೆ ಜಾತಿಗಳನ್ನು ಹೋಲಿಸುತ್ತಾರೆ. ಶವದ ಜೊತೆ ಬಾವಿಯ ನೀರಿನ ಬಾಟಲಿಯನ್ನೂ ಕಳಿಸಬೇಕಾದ್ದು ಇದಕ್ಕೇ. ಪೊಲೀಸರು ಅತಿ ಹೆಚ್ಚು ಮರೆಯುವುದೂ ಇದನ್ನೇ.

ಈ ಪರೀಕ್ಷೆಗೂ ಮಿತಿಯಿದೆ. ಕೊಳವೆಬಾವಿಯ ನೀರು ತುಂಬಿದ ತೊಟ್ಟಿಯಲ್ಲಿ ಡಯಾಟಮ್ ಇಲ್ಲದೆಯೇ ಇರಬಹುದು. ಗಾಜಿನ ಪಾತ್ರೆ ಸರಿಯಾಗಿ ತೊಳೆಯದಿದ್ದರೆ ಹೊರಗಿನವು ಸೇರಿಕೊಳ್ಳಬಹುದು. ಮುಳುಗದೆ ಸತ್ತವರಲ್ಲೂ ಕೆಲವು ಚಿಪ್ಪು ಸಿಕ್ಕಿದ್ದಿದೆ. ಬೇರೆ ಸಾಕ್ಷ್ಯಕ್ಕೆ ಬೆಂಬಲವಾಗಿ ಮಾತ್ರ ಇದನ್ನು ಇಡುವುದು ಸರಿ.

ಶವಕ್ಕಿಂತ ಸಂದರ್ಭವೇ ಜೋರಾಗಿ ಮಾತಾಡಿದ ಪ್ರಕರಣ ಇಂಗ್ಲೆಂಡಿನ ಜಾರ್ಜ್ ಜೋಸೆಫ್ ಸ್ಮಿತ್‌ನದು. 1912ರಿಂದ 1914ರ ನಡುವೆ ಅವನು ಮದುವೆಯಾದ ಮೂವರು ಹೆಂಗಸರು ಮೂರು ಬೇರೆ ಊರುಗಳಲ್ಲಿ ಸ್ನಾನದ ತೊಟ್ಟಿಯಲ್ಲಿ ಸತ್ತರು. ಮೈಮೇಲೆ ಹೊಡೆದಾಟದ ಗುರುತಿರಲಿಲ್ಲ, ಒಂದೊಂದು ಸಾವನ್ನೂ ಬಿಡಿಯಾಗಿ ನೋಡಿದವರು ಆಕಸ್ಮಿಕವೆಂದೇ ಬರೆದರು. ಎರಡನೆಯಾಕೆಯ ತಂದೆ ಮೂರನೆಯ ಸಾವಿನ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿ ಹೋಲಿಕೆ ಗುರುತಿಸಿದರು. ನ್ಯಾಯವೈದ್ಯ ಬರ್ನಾರ್ಡ್ ಸ್ಪಿಲ್ಸ್‌ಬರಿ ಶವಗಳನ್ನು ಹೊರತೆಗೆಸಿ ಪರೀಕ್ಷಿಸಿದರು, ತೊಟ್ಟಿಗಳ ಅಳತೆಯನ್ನೂ ಸತ್ತವರ ಎತ್ತರವನ್ನೂ ಹೋಲಿಸಿದರು. ವಿಮೆ ಮತ್ತು ಆಸ್ತಿಯ ಕಾಗದಗಳು ಉಳಿದದ್ದನ್ನು ಹೇಳಿದವು. 1915ರ ಆಗಸ್ಟ್‌ನಲ್ಲಿ ಅವನಿಗೆ ಗಲ್ಲಾಯಿತು.

## ಗಾಳಿಯೇ ವಿಷವಾದಾಗ

ಬೆಂಕಿಯಲ್ಲಿ ಸಿಕ್ಕ ಶವದ ಬಗ್ಗೆ ಚೀನಾದ ಹಳೆಯ ನ್ಯಾಯ ಸಂಕಲನಗಳಲ್ಲಿ ಒಂದು ಪ್ರಸಂಗವಿದೆ. ಗಂಡ ಮನೆಯ ಬೆಂಕಿಯಲ್ಲಿ ಸತ್ತನೆಂದು ಹೆಂಡತಿ ಹೇಳಿದಾಗ, ಜಾಂಗ್ ಜು ಎಂಬ ಅಧಿಕಾರಿ ಎರಡು ಹಂದಿ ತರಿಸಿ, ಸತ್ತದ್ದೊಂದನ್ನೂ ಬದುಕಿದ್ದೊಂದನ್ನೂ ಸುಡಿಸಿದ. ಬದುಕಿದ್ದುದರ ಬಾಯಲ್ಲಿ ಮಾತ್ರ ಬೂದಿಯಿತ್ತು. ಗಂಡನ ಬಾಯಲ್ಲಿ ಬೂದಿಯಿರಲಿಲ್ಲ. ಇಂದಿನ ವೈದ್ಯರು ಶ್ವಾಸನಾಳವನ್ನು ಸೀಳಿ ಮಸಿ ಹುಡುಕುವುದೂ ಇದೇ ತರ್ಕದ ಮೇಲೆ.

ಮಸಿಯ ಜೊತೆ ಈಗ ರಕ್ತದ ಪರೀಕ್ಷೆಯೂ ಸೇರಿದೆ. ಕಾರ್ಬನ್ ಮೊನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಕಲ್ಲಿದ್ದಲ ಗಣಿ ಸ್ಫೋಟಗಳಲ್ಲಿ ಬಹುಪಾಲು ಕಾರ್ಮಿಕರನ್ನು ಕೊಲ್ಲುವುದು ಸ್ಫೋಟವಲ್ಲ, ಆಮೇಲೆ ಉಳಿಯುವ ಈ ಅನಿಲ ಎಂದು ಬ್ರಿಟನ್ನಿನ ಜಾನ್ ಸ್ಕಾಟ್ ಹಾಲ್ಡೇನ್ 1896ರ ವರದಿಯಲ್ಲಿ ತೋರಿಸಿದರು. ಇದರಿಂದ ಸತ್ತವರ ರಕ್ತ, ರಕ್ತ ಇಳಿದ ಕಲೆ ಎರಡೂ ಹೊಳೆಯುವ ಕೆಂಪಾಗಿರುತ್ತವೆ. ಕಪ್ಪು ಮೈಬಣ್ಣದಲ್ಲಿ ಇದು ಹೊರಗೆ ಎದ್ದು ಕಾಣದು. ಉಗುರಿನ ಬುಡ, ತುಟಿಯ ಒಳಮೈ, ಕಣ್ಣುರೆಪ್ಪೆಯ ಒಳಭಾಗ ನೋಡಬೇಕು. ಹಿಮೋಗ್ಲೋಬಿನ್‌ನ ಅರ್ಧಕ್ಕಿಂತ ಹೆಚ್ಚು ಪಾಲನ್ನು ಈ ಅನಿಲ ಹಿಡಿದಿದ್ದರೆ ಸಾವಿನ ಕಾರಣದ ಬಗ್ಗೆ ಸಂಶಯ ಉಳಿಯುವುದಿಲ್ಲ. ವೃದ್ಧರಲ್ಲಿ, ಹೃದ್ರೋಗಿಗಳಲ್ಲಿ ಅದಕ್ಕಿಂತ ಕಡಿಮೆಯೂ ಸಾಕು. ಕಿಟಕಿಯಿಲ್ಲದ ಬಚ್ಚಲಮನೆಯ ಗ್ಯಾಸ್ ಗೀಸರ್, ಚಳಿಗೆ ಮುಚ್ಚಿದ ಕೋಣೆಯ ಇದ್ದಿಲ ಒಲೆ ನಮ್ಮಲ್ಲಿ ಇಂಥ ಸಾವಿಗೆ ಸಾಮಾನ್ಯ ಕಾರಣಗಳು.

ಮ್ಯಾನ್‌ಹೋಲ್ ಮತ್ತು ಮಲದ ಗುಂಡಿಗಳಲ್ಲಿ ಕೊಲ್ಲುವುದು ಹೈಡ್ರೋಜನ್ ಸಲ್ಫೈಡ್, ಇಲ್ಲವೇ ಆಮ್ಲಜನಕದ ಬರೀ ಕೊರತೆ. ಕೊಳೆತ ಮೊಟ್ಟೆಯ ವಾಸನೆ ಹೈಡ್ರೋಜನ್ ಸಲ್ಫೈಡ್‌ನ ಗುರುತು, ಆದರೆ ಪ್ರಮಾಣ ಹೆಚ್ಚಿದಾಗ ಮೂಗಿನ ಶಕ್ತಿಯನ್ನೇ ಅದು ಕಸಿಯುತ್ತದೆ. ಹಾಗಾಗಿ ಒಬ್ಬರ ಹಿಂದೆ ಎತ್ತಲು ಇಳಿದವರೂ ಸಾಯುತ್ತಾರೆ. ಅಂಗಗಳಲ್ಲಿ ಹಸಿರು ಛಾಯೆ, ಜೇಬಿನ ನಾಣ್ಯ ಕಪ್ಪಾಗಿರುವುದು, ರಕ್ತದಲ್ಲಿ ಥಯೋಸಲ್ಫೇಟ್ ಸಿಗುವುದು ಇದನ್ನು ತೋರಿಸಬಹುದು. ಆಮ್ಲಜನಕದ ಕೊರತೆಯಿಂದಲೇ ಸತ್ತರೆ ದೇಹದಲ್ಲಿ ವಿಶೇಷ ಗುರುತೇ ಉಳಿಯದು. ಗುಂಡಿಯ ಗಾಳಿಯನ್ನು ಆಗಲೇ ಅಳೆದಿದ್ದರೆ ಮಾತ್ರ ಸಾಕ್ಷ್ಯ. ರಕ್ಷಣಾ ಸಾಧನವಿಲ್ಲದೆ ಮನುಷ್ಯರನ್ನು ಹೀಗೆ ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ಸತ್ತವರ ಕುಟುಂಬಕ್ಕೆ ಕೊಡಬೇಕಾದ ಪರಿಹಾರವನ್ನು ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್‌ನಲ್ಲಿ 10 ಲಕ್ಷದಿಂದ 30 ಲಕ್ಷ ರೂಪಾಯಿಗೆ ಏರಿಸಿತು. ವರದಿಯಲ್ಲಿ ‘ಉಸಿರುಗಟ್ಟಿ ಸಾವು’ ಎಂದಷ್ಟೇ ಬರೆದು ಅನಿಲದ ಹೆಸರು, ಗುಂಡಿಯ ವಿವರ ಬಿಟ್ಟರೆ ಆ ಕುಟುಂಬ ಕಚೇರಿಯಿಂದ ಕಚೇರಿಗೆ ಅಲೆಯಬೇಕಾಗುತ್ತದೆ.

## ಪ್ರಯೋಗಾಲಯದಿಂದ ನ್ಯಾಯಾಲಯಕ್ಕೆ

ಕುತ್ತಿಗೆಯಲ್ಲಿ ಗುರುತು ಸ್ಪಷ್ಟವಿದ್ದರೂ ಜಠರ, ಕರುಳು, ಯಕೃತ್ತು, ಮೂತ್ರಪಿಂಡದ ಭಾಗಗಳನ್ನೂ ರಕ್ತವನ್ನೂ ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಮೊದಲು ನಿದ್ದೆ ಮಾತ್ರೆಯನ್ನೋ ವಿಷವನ್ನೋ ಕೊಟ್ಟು ಆಮೇಲೆ ನೇತುಹಾಕಿದ್ದರೆ ತಿಳಿಯಬೇಕಲ್ಲ. ವಿಷ ಪರೀಕ್ಷೆಗೆ ಹೋಗುವ ಅಂಗಭಾಗಗಳನ್ನು ಉಪ್ಪಿನ ಗಾಢ ದ್ರಾವಣದಲ್ಲೂ ಸೂಕ್ಷ್ಮದರ್ಶಕಕ್ಕೆ ಹೋಗುವ ತುಣುಕನ್ನು ಫಾರ್ಮಲಿನ್‌ನಲ್ಲೂ ಇಡಬೇಕು. ಅದಲು ಬದಲಾದರೆ ಪರೀಕ್ಷೆ ಕೆಡುತ್ತದೆ. ವರದಿ ಬರುವವರೆಗೆ ವೈದ್ಯರು ಅಂತಿಮ ಅಭಿಪ್ರಾಯವನ್ನು ಕಾಯ್ದಿರಿಸುವುದು ಸರಿಯಾದ ನಡವಳಿಕೆ, ಏನನ್ನೋ ಮುಚ್ಚಿಡುವ ಉಪಾಯವಲ್ಲ.

ನ್ಯಾಯಾಲಯದಲ್ಲಿ ವೈದ್ಯರ ಮಾತು ಭಾರತೀಯ ಸಾಕ್ಷ್ಯ ಅಧಿನಿಯಮದ 39ನೇ ಕಲಮಿನಡಿ ತಜ್ಞರ ಅಭಿಪ್ರಾಯ, ತೀರ್ಪಲ್ಲ. ಮದುವೆಯಾದ ಏಳು ವರ್ಷದೊಳಗಿನ ಅಸಹಜ ಸಾವಿಗೆ ಮುಂಚೆ ವರದಕ್ಷಿಣೆಗಾಗಿ ಹಿಂಸೆ ನಡೆದಿತ್ತೆಂದು ಸಾಬೀತಾದರೆ, ಭಾರತೀಯ ನ್ಯಾಯ ಸಂಹಿತೆಯ 80ನೇ ಕಲಮಿನಡಿ ಅದು ವರದಕ್ಷಿಣೆ ಸಾವಾಗುತ್ತದೆ. ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚು ಶಿಕ್ಷೆಯಿರುವ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರಬೇಕು, ಅದರ ವಿಡಿಯೊ ಚಿತ್ರೀಕರಣವಾಗಬೇಕು ಎಂದು ನಾಗರಿಕ ಸುರಕ್ಷಾ ಸಂಹಿತೆಯ 176ನೇ ಕಲಮು ಹೇಳುತ್ತದೆ. ಇದನ್ನು ಪೂರ್ತಿ ಜಾರಿಗೆ ತರಲು ರಾಜ್ಯಗಳಿಗೆ ಐದು ವರ್ಷದವರೆಗೆ ಕಾಲಾವಕಾಶವಿದೆ.

ಅಲ್ಲಿಯವರೆಗೂ ಸಾಕ್ಷ್ಯ ಕಾಯುವ ಮೊದಲ ಕೆಲಸ ಮನೆಯವರದ್ದು, ನೆರೆಯವರದ್ದು. ಜೀವವಿರುವ ಸಣ್ಣ ಸಂಶಯವಿದ್ದರೂ ಮೊದಲು ಜೀವ ಉಳಿಸಿ, 108ಕ್ಕೆ ಕರೆ ಮಾಡಿ, ಸಾಕ್ಷ್ಯದ ಚಿಂತೆ ಬಿಡಿ. ಸಾವು ಖಚಿತವಾಗಿದ್ದರೆ 112ಕ್ಕೆ ತಿಳಿಸಿ, ಪೊಲೀಸರು ಬರುವವರೆಗೆ ಯಾವುದನ್ನೂ ಮುಟ್ಟಬೇಡಿ. ಶವಕ್ಕೆ ಸ್ನಾನ ಮಾಡಿಸಬೇಡಿ, ಬಟ್ಟೆ ಬದಲಿಸಬೇಡಿ, ಹಗ್ಗವನ್ನು ಎಸೆಯಬೇಡಿ. ಸಂಶಯವಿದ್ದರೆ ಶವ ತನಿಖೆಯ ಹೊತ್ತಿಗೇ ಬರೆದು ಕೊಡಿ, ಮರಣೋತ್ತರ ಪರೀಕ್ಷೆಯ ವಿಡಿಯೊ ಮಾಡುವಂತೆ ಕೇಳಿ. ವರದಿ, ಪ್ರಯೋಗಾಲಯದ ಉತ್ತರ ಎರಡರ ಪ್ರತಿಯನ್ನೂ ಕೇಳಿ ಪಡೆಯಿರಿ. ಸಂಶಯ ಬಗೆಹರಿಯುವ ಮುಂಚೆ ಅಂತ್ಯಕ್ರಿಯೆಗೆ ಅವಸರ ಮಾಡಬೇಡಿ.